ಸೂಟು ದಪ್ಪಗಿದೆ, ಆದರೂ ಚಳಿ: ವೆಟ್‌ಸೂಟ್ ದೋಷ ನಿವಾರಣೆ ಕೈಪಿಡಿ

ನೀರಿನೊಳಗೆ ಮೈ ಬೆಚ್ಚಗಿಡಲು ತೊಡುವ ರಬ್ಬರ್ ಉಡುಪು ವೆಟ್‌ಸೂಟ್. ಅದರ ಬಗ್ಗೆ ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ: "5 ಮಿ.ಮೀ. ಸೂಟು ಹಾಕಿದ್ದೀನಿ. ಇಪ್ಪತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ. 7 ಮಿ.ಮೀ. ತಗೊಂಡ್ರೆ ಸರಿಹೋಗುತ್ತಾ?" ಹೋಗಬಹುದು. ಆದರೆ ಸೊಂಟದಲ್ಲಿ ನೀರು ನುಗ್ಗುವ 5 ಮಿ.ಮೀ. ಸೂಟಿನ ಜಾಗಕ್ಕೆ ಸೊಂಟದಲ್ಲಿ ನೀರು ನುಗ್ಗುವ 7 ಮಿ.ಮೀ. ಸೂಟು ಬಂದರೆ ದುಡ್ಡು ಹೋಯಿತು, ಚಳಿ ಉಳಿಯಿತು. ಅದಕ್ಕೇ ಇಲ್ಲಿ ದಪ್ಪ ಬದಲಿಸುವ ಮಾತು ಕೊನೆಗೆ ಬರುತ್ತದೆ.

ಹಾಸನ, ಚಿಕ್ಕಮಗಳೂರು ಕಡೆ ವೆಟ್‌ಸೂಟ್ ಇಟ್ಟುಕೊಂಡವರು ಎರಡು ಥರ. ಮಳೆಗಾಲ ಕಳೆದ ಮೇಲೆ ಘಾಟಿ ಇಳಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವವರು ಒಂದು ಥರ. ಕೆಲಸಕ್ಕಾಗಿ ನೀರಿಗಿಳಿಯುವವರು ಇನ್ನೊಂದು: ಎಸ್ಟೇಟ್ ಕೆರೆಯ ಪಂಪಿನ ಫುಟ್‌ವಾಲ್ವ್ ಬಿಡಿಸಲು, ಹಿನ್ನೀರಿನಲ್ಲಿ ಬಿದ್ದದ್ದನ್ನು ಹುಡುಕಲು. ನೇತ್ರಾಣಿಯ ಬೆಚ್ಚನೆಯ ಸಮುದ್ರಕ್ಕೆ 3 ಮಿ.ಮೀ. ಧಾರಾಳ ಸಾಕು. ಅದೇ ಸೂಟನ್ನು ಜನವರಿ ಬೆಳಗ್ಗೆ ಬಾಬಾಬುಡನ್‌ಗಿರಿ ಬುಡದ ಕೆರೆಗೆ ತಂದಾಗ ತಾಪತ್ರಯ ಶುರುವಾಗುತ್ತದೆ.

ಮೊದಲು ಲೆಕ್ಕ

ವೆಟ್‌ಸೂಟ್ ಒಳಗಿನ ನೀರಿನ ಪದರವೇ ಬೆಚ್ಚಗಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬೆಚ್ಚಗಿಡುವುದು ನೀರಲ್ಲ, ನಿಯೋಪ್ರೀನ್ ರಬ್ಬರಿನೊಳಗೆ ಸಿಕ್ಕಿಕೊಂಡಿರುವ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. 1952ರಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ವೆಟ್‌ಸೂಟ್ ರೂಪಿಸಿದ್ದು ಇದೇ ತರ್ಕದ ಮೇಲೆ: ಗುಳ್ಳೆಗಳು ಶಾಖ ತಡೆಯುವುದಾದರೆ ಮೈ ಒದ್ದೆಯಾದರೂ ಚಿಂತೆಯಿಲ್ಲ. ಒಳಗೆ ಬಂದ ನೀರು ನಮ್ಮ ಮೈಶಾಖ ತಿಂದೇ ಬೆಚ್ಚಗಾಗುವುದು. ಒಂದು ಸಲ ತಿಂದು ಸುಮ್ಮನಾದರೆ ಪರವಾಗಿಲ್ಲ. ಅದು ಹೊರಗೆ ಹೋಗಿ ಹೊಸ ನೀರು ಬಂದರೆ ಮತ್ತೆ ತಿನ್ನುತ್ತದೆ.

ಎಷ್ಟು ತಿನ್ನುತ್ತದೆ? 20 ಡಿಗ್ರಿಯ ಒಂದು ಲೀಟರ್ ನೀರನ್ನು ಚರ್ಮದ ಬಿಸಿಗೆ, ಅಂದರೆ ಸುಮಾರು 33 ಡಿಗ್ರಿಗೆ ತರಲು 54 ಕಿಲೋಜೂಲ್ ಬೇಕು. ಸುಮ್ಮನೆ ಇರುವ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ. ಹಾಗಾಗಿ ಒಂದು ಲೀಟರ್ ನೀರು ಅದಲುಬದಲಾದರೆ ದೇಹದ ಒಂಬತ್ತು ನಿಮಿಷದ ಸಂಪಾದನೆ ಸೊನ್ನೆ. ಬೆನ್ನಿನ ಗುಳಿಯಲ್ಲಿ ಅರ್ಧ ಲೀಟರ್ ನಿಲ್ಲುವ ಸೂಟಿನಲ್ಲಿ ಹತ್ತು ಸಲ ಬಗ್ಗಿ ಎದ್ದು, ಪ್ರತಿ ಸಲವೂ ಆ ನೀರು ಬದಲಾಯಿತು ಅಂದುಕೊಳ್ಳಿ. ಐದು ಲೀಟರ್, ಮುಕ್ಕಾಲು ಗಂಟೆಯ ಶಾಖ. ಎರಡು ಮಿಲಿಮೀಟರ್ ಹೆಚ್ಚು ರಬ್ಬರ್ ಈ ನಷ್ಟ ತುಂಬಿಕೊಡುವುದಿಲ್ಲ.

ನೀರು ನಿಜಕ್ಕೂ ಎಷ್ಟು ತಣ್ಣಗಿದೆ?

ಕೈ ಅದ್ದಿ ನೋಡಿದ್ದು ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ನಿಂತ ನೀರಿನ ಮೇಲ್ಪದರ ಬಿಸಿಲಿಗೆ ಕಾದು ಹಗುರಾಗಿ ಮೇಲೆಯೇ ಉಳಿಯುತ್ತದೆ, ತಣ್ಣನೆಯದು ಕೆಳಗೆ. ಇವೆರಡರ ನಡುವಿನ ಗಡಿಗೆ ಡೈವರ್‌ಗಳು ಥರ್ಮೋಕ್ಲೈನ್ ಎನ್ನುತ್ತಾರೆ. ಅದನ್ನು ದಾಟುವಾಗ ಐಸ್ ನೀರು ಎರಚಿದ ಹಾಗಾಗುತ್ತದೆ. ಡೈವ್ ಕಂಪ್ಯೂಟರ್ ತೋರಿಸುವ ಉಷ್ಣಾಂಶ ನಿಜವಾದದ್ದಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ಇಳಿದ ತಕ್ಷಣದ ಅಂಕಿ ನಂಬಬೇಡಿ.

ಇಳಿಯದೆಯೇ ಅಳೆಯಬಹುದು. ದಪ್ಪ ಗಾಜಿನ ಒಂದು ಲೀಟರ್ ಬಾಟಲಿ ತೆಗೆದುಕೊಳ್ಳಿ. ತಳಕ್ಕೆ ಎರಡು ಕೆ.ಜಿ. ಕಲ್ಲು ಕಟ್ಟಿ, ಬಾಯಿಗೆ ಬೆಂಡಿನ ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ. ಮುಖ್ಯ ಹಗ್ಗಕ್ಕೆ ಮೀಟರಿಗೊಂದು ಗಂಟು. ಗಂಟು ಎಣಿಸುತ್ತ ಬೇಕಾದ ಆಳಕ್ಕೆ ಇಳಿಸಿ, ಎರಡನೇ ದಾರ ಜಗ್ಗಿ ಬಿರಡೆ ಕೀಳಿ. ಗುಳುಗುಳು ಗುಳ್ಳೆ ಮೇಲೆ ಬಂದು ನಿಂತ ಮೇಲೆ ಮೂರು ನಿಮಿಷ ಬಿಟ್ಟು ಎಳೆದುಕೊಳ್ಳಿ, ಅರ್ಧ ನಿಮಿಷದೊಳಗೆ ಥರ್ಮಾಮೀಟರ್ ಅದ್ದಿ ಓದಿ. ಬಿರಡೆ ತೀರಾ ಬಿಗಿಯಾಗಿ ಕೂತರೆ ಹತ್ತು ಮೀಟರಿನ ಒತ್ತಡದಲ್ಲಿ ದಾರಕ್ಕೆ ಬರುವುದಿಲ್ಲ. ಅರ್ಧ ಬೆರಳಷ್ಟೇ ಒಳಗಿರಲಿ.

ಈಗ ಅಂಕಿ ಕೈಯಲ್ಲಿದೆ. ಸರಾಸರಿ ಮೈಕಟ್ಟಿನವರಿಗೆ ನಾವು ಬಳಸುವ ಅಂದಾಜು:

28 ಡಿಗ್ರಿಗಿಂತ ಮೇಲೆ: ರ‍್ಯಾಶ್‌ಗಾರ್ಡ್ (ಮೈಗಂಟುವ ತೆಳು ಅಂಗಿ) ಅಥವಾ 1 ಮಿ.ಮೀ.
24ರಿಂದ 28: 3 ಮಿ.ಮೀ. ಪೂರ್ತಿ ಸೂಟು
19ರಿಂದ 24: 5 ಮಿ.ಮೀ., ಕೆಳಗಿನ ತುದಿಯಲ್ಲಿ ಹುಡ್ (ತಲೆಗವಸು) ಸೇರಿಸಿ
15ರಿಂದ 19: 7 ಮಿ.ಮೀ., ಹುಡ್, ಗ್ಲೌಸ್, ಬೂಟಿ (ರಬ್ಬರ್ ಕಾಲ್ಚೀಲ)
10ರಿಂದ 15: 7 ಮಿ.ಮೀ. ಸೆಮಿ-ಡ್ರೈ (ನೀರು ತೀರಾ ಕಡಿಮೆ ಒಳಬರುವ ಸೂಟು), ಅಥವಾ ಡ್ರೈಸೂಟ್ (ನೀರು ಒಳಗೇ ಬರದ ಸೂಟು)
10ಕ್ಕಿಂತ ಕೆಳಗೆ: ಡ್ರೈಸೂಟ್

ತೆಳ್ಳಗಿರುವವರು, ಒಂದೇ ಕಡೆ ಕೂತು ಕೆಲಸ ಮಾಡುವವರು, ದಿನಕ್ಕೆ ಎರಡನೇ ಸಲ ಇಳಿಯುವವರು ಒಂದು ಮೆಟ್ಟಿಲು ದಪ್ಪ ಆರಿಸಿಕೊಳ್ಳಲಿ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನ 2ರಿಂದ 4 ಡಿಗ್ರಿ ನೀರಿಗೆ ಪ್ರವಾಸ ಹಾಕಿಕೊಂಡು "7 ಮಿ.ಮೀ. ಸಾಕಲ್ವಾ" ಎಂದು ಕೇಳುವವರಿಗೆ ಉತ್ತರ ಒಂದೇ: ಅಲ್ಲಿ ಡ್ರೈಸೂಟ್.

ಪಟ್ಟಿಯ ಪ್ರಕಾರ ನಿಮ್ಮ ಸೂಟು ಸರಿಯಿದ್ದೂ ಚಳಿಯಾಗುತ್ತಿದ್ದರೆ ದೋಷ ದಪ್ಪದಲ್ಲಿಲ್ಲ. ಮುಂದೆ ಓದಿ.

ಚಳಿ ಎಲ್ಲಿಂದ ಶುರುವಾಯಿತು, ಯಾವಾಗ?

ರೋಗಿಯನ್ನು ಡಾಕ್ಟರು ಕೇಳುವ ಹಾಗೆ ಇದನ್ನೇ ಮೊದಲು ಕೇಳಿಕೊಳ್ಳಬೇಕು. "ಮೈಯೆಲ್ಲ ಚಳಿ" ಎನ್ನುವುದು ಕೊನೆಯ ಹಂತ, ಶುರುವಾದ ಜಾಗ ಒಂದಿದ್ದೇ ಇರುತ್ತದೆ.

ನೀರಿಗೆ ಬಿದ್ದ ಮೊದಲ ನಿಮಿಷದಲ್ಲೇ ಬೆನ್ನುಹುರಿ ಗುಂಟ ತಣ್ಣನೆಯ ಗೆರೆ ಇಳಿದರೆ ಜಿಪ್ ಅಥವಾ ಕಾಲರ್. ಈಜುವಾಗ ಮಾತ್ರ, ಪ್ರತಿ ಕಾಲ್ಬಡಿತಕ್ಕೂ ಸೊಂಟದ ಗುಳಿಯಲ್ಲಿ ಪಿಚಕ್ ಎಂದು ನೀರು ಓಡಾಡಿದರೆ ಅಳತೆ ತಪ್ಪಿದೆ. ಕೈ ಚಾಚಿದಾಗ ಕಂಕುಳಲ್ಲಿ ತಣ್ಣಗಾದರೆ ತೋಳು ಗಿಡ್ಡ, ಇಲ್ಲವೇ ಸೂಟನ್ನು ಪೂರ್ತಿ ಮೇಲೆ ಎಳೆದುಕೊಂಡಿಲ್ಲ. ಹತ್ತು ಮೀಟರಿನವರೆಗೆ ಹಾಯಾಗಿದ್ದು ಆಮೇಲೆ ಎಲ್ಲ ಕಡೆ ಒಂದೇ ಸಮ ಚಳಿ ಏರಿದರೆ ಆಳದ ಒತ್ತಡ ಅಥವಾ ಥರ್ಮೋಕ್ಲೈನ್. ಹೋದ ವರ್ಷ ಸಾಕಾಗುತ್ತಿದ್ದ ಸೂಟು ಅದೇ ನೀರಿನಲ್ಲಿ ಈ ವರ್ಷ ಸಾಲದಿದ್ದರೆ ರಬ್ಬರ್ ಸತ್ತಿದೆ. ನೀರಿನಲ್ಲಿ ಚೆನ್ನಾಗಿದ್ದು ದಡಕ್ಕೆ ಬಂದ ಮೇಲೆ ನಡುಕ ಹತ್ತಿದರೆ ಅದು ಗಾಳಿಯ ಕೆಲಸ.

ಬೆರಳು ಮರಗಟ್ಟುವುದನ್ನು ಮಾತ್ರ ಬಿಡಿಯಾಗಿ ನೋಡಬೇಡಿ. ಎದೆ, ಹೊಟ್ಟೆ ತಣ್ಣಗಾದಾಗ ದೇಹ ಕೈಕಾಲಿಗೆ ರಕ್ತ ಬಿಗಿಹಿಡಿಯುತ್ತದೆ. ಎಷ್ಟೋ ಸಲ ದಪ್ಪ ಗ್ಲೌಸ್ ತಂದವರಿಗೆ ಬೇಕಾಗಿದ್ದದ್ದು ಒಳಗೊಂದು ನಿಯೋಪ್ರೀನ್ ವೆಸ್ಟ್ (ತೋಳಿಲ್ಲದ ಒಳಅಂಗಿ).

ನೆಲದ ಮೇಲೆ ಐದು ನಿಮಿಷ

ಕಣ್ಣಿಗೆ ಬೀಳುವ ಮೊದಲ ತಪ್ಪು ಸೂಟಿನೊಳಗಿನ ಬನಿಯನ್ — ಎಂದು ಬರೆದರೆ ನಗು ಬರಬಹುದು, ಆದರೆ ಸಾಲುಸಾಲಾಗಿ ಸಿಗುವುದು ಅದೇ. ಚಳಿಯೆಂದು ಒಳಗೆ ಬನಿಯನ್, ಅದರ ಮೇಲೆ ಉಣ್ಣೆಯ ಥರ್ಮಲ್. ಬಟ್ಟೆಯ ಅಂಚು ಕತ್ತಿನ ಹತ್ತಿರ ಮಡಚಿಕೊಂಡು ರಬ್ಬರಿಗೂ ಚರ್ಮಕ್ಕೂ ನಡುವೆ ಬತ್ತಿಯಂತೆ ನೀರು ಎಳೆಯುತ್ತದೆ. ಸರ, ತಾಳಿ, ಜನಿವಾರ ಕಾಲರ್ ಅಡಿಯಲ್ಲಿ ಸಿಕ್ಕಿಕೊಂಡರೂ ಅಷ್ಟೇ, ದಾರದಷ್ಟು ಸಂದು ಸಾಕು. ಉದ್ದ ಕೂದಲಿನವರು ಜಡೆಯನ್ನು ಹುಡ್‌ನೊಳಗೆ ಪೂರ್ತಿ ಸೇರಿಸಬೇಕು. ಒಳಗೆ ಏನಾದರೂ ಬೇಕೇಬೇಕೆಂದರೆ ತೆಳು ಲೈಕ್ರಾ ಅಥವಾ ನಿಯೋಪ್ರೀನ್ ವೆಸ್ಟ್, ಅಂಚು ಸೂಟಿನಿಂದ ಹೊರಗೆ ಇಣುಕದಂತೆ.

ಇನ್ನು ತೊಡುವ ಕ್ರಮ. ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಕಾಲು ತೂರಿಸಿ. ಉಗುರಿನಿಂದಲ್ಲ, ಬೆರಳಿನ ಮೆತ್ತೆಯಿಂದ ಸ್ವಲ್ಪಸ್ವಲ್ಪವೇ ಎಳೆಯಿರಿ. ಮೊಣಕಾಲಿನ ಪ್ಯಾಡ್ ಮೊಣಕಾಲಿಗೇ ಕೂರಬೇಕು, ತೊಡೆಸಂದಿಯಲ್ಲಿ ಒಂದು ಬೆರಳೂ ಜೋಲಬಾರದು. ಅಲ್ಲಿ ಮೂರು ಬೆರಳು ಜೋತರೆ ಅಷ್ಟೂ ಭುಜದಲ್ಲಿ ಬಿಗಿಯಾಗುತ್ತದೆ, ಕೈ ಎತ್ತಿದಾಗ ಕಾಲರ್ ಬಾಯಿ ತೆರೆಯುತ್ತದೆ. ಸೂಟು ಚಿಕ್ಕದಾಯಿತು ಎಂದು ವಾಪಸು ಕೊಡಲು ಹೊರಟವರಲ್ಲಿ ಎಷ್ಟೋ ಮಂದಿಗೆ ಮತ್ತೊಮ್ಮೆ ಸರಿಯಾಗಿ ತೊಡಿಸಿದರೆ ಸಾಕಾಗುತ್ತದೆ.

ತೊಟ್ಟ ಮೇಲೆ ಇಷ್ಟು ನೋಡಿ:

1. ನೇರ ನಿಂತು, ಇನ್ನೊಬ್ಬರಿಗೆ ಸೊಂಟದ ಗುಳಿಯನ್ನು ಅಂಗೈಯಿಂದ ಒತ್ತಲು ಹೇಳಿ. ಚರ್ಮ ಸಿಗುವ ಮೊದಲು ಅಂಗೈ ಒಳಗೆ ಹೋದರೆ ಅಷ್ಟೂ ನೀರು ನಿಲ್ಲುವ ಜಾಗ.
2. ಕುಕ್ಕರಗಾಲಲ್ಲಿ ಕೂತು ಏಳಿ. ಕತ್ತಿನಿಂದ ಗಾಳಿ ಬುಸ್ ಎಂದರೆ ನೀರಿನಲ್ಲೂ ಅದೇ ದಾರಿ.
3. ಎರಡೂ ಕೈ ಮೇಲೆತ್ತಿ. ಮಣಿಕಟ್ಟಿನ ಅಂಚು ಎರಡು ಬೆರಳಿಗಿಂತ ಹೆಚ್ಚು ಜಾರಬಾರದು.
4. ಪೂರ್ತಿ ಉಸಿರೆಳೆಯಿರಿ. ಎದೆ ತುಂಬ ಉಸಿರು ಬರದಿದ್ದರೆ ಬಿಗಿ ಅತಿಯಾಯಿತು. ಬಿಗಿಯಿದ್ದಷ್ಟೂ ಬೆಚ್ಚಗೆ ಎನ್ನುವುದು ಒಂದು ಮಟ್ಟದವರೆಗೆ ಮಾತ್ರ ನಿಜ.

ಕಾಲರ್ ಅಥವಾ ಹುಡ್ ಕತ್ತಿನ ಎರಡೂ ಬದಿ ಒತ್ತಿ ತಲೆ ಹಗುರಾದಂತೆ, ಕಣ್ಣು ಕತ್ತಲೆ ಕಟ್ಟಿದಂತೆ ಆದರೆ ತಕ್ಷಣ ತೆಗೆಯಿರಿ. ಕತ್ತಿನ ರಕ್ತನಾಳದ ಮೇಲಿನ ಒತ್ತಡ ಎದೆಬಡಿತವನ್ನು ನಿಧಾನ ಮಾಡುತ್ತದೆ. ಅಂಥ ಹುಡ್ ಹಾಕಿ ನೀರಿಗೆ ಇಳಿಯಲೇಬಾರದು.

ಕೊಳ್ಳುವಾಗ ತೂಕವೊಂದನ್ನೇ ಹೇಳಿ ಅಳತೆ ಆರಿಸಬೇಡಿ. ಎದೆ, ಸೊಂಟ, ನಿತಂಬ, ಎತ್ತರ ನಾಲ್ಕೂ ಬೇಕು. ಹೊಂದದೇ ಇದ್ದರೆ ಎದೆ ಮತ್ತು ಮುಂಡದ ಉದ್ದಕ್ಕೆ ಮೊದಲ ಮಾನ್ಯತೆ. ಕಾಲು ಉದ್ದವಾದರೆ ಮಡಚಬಹುದು, ಮುಂಡ ಉದ್ದವಾದರೆ ಏನೂ ಮಾಡಲಾಗದು.

ತೊಟ್ಟಿಯಲ್ಲಿ ಪರೀಕ್ಷೆ

ಕಾಫಿ ತೋಟದ ಸ್ಪ್ರಿಂಕ್ಲರ್ ತೊಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಎದೆಮಟ್ಟ ನೀರಿದ್ದರೆ ಸಾಕು. ದಡದಲ್ಲಿ ಒಬ್ಬರು ಇರಲಿ. ಇಳಿದು ಐದು ನಿಮಿಷ ಅಲ್ಲಾಡದೆ ನಿಲ್ಲಿ. ಒಳಗಿನ ನೀರು ಮೈಬಿಸಿಗೆ ಬಂದು ತಣ್ಣನೆಯ ಅನುಭವ ಮಾಯವಾಗುತ್ತದೆ. ಈಗ ಒಂದೊಂದೇ ಚಲನೆ ಮಾಡಿ: ತಲೆ ಎಡಕ್ಕೆ, ಬಲಕ್ಕೆ, ಕೈ ಮುಂದೆ, ಸೊಂಟ ಬಗ್ಗಿಸಿ, ಕಾಲು ಬಡಿಯಿರಿ. ಯಾವ ಚಲನೆಗೆ ಯಾವ ಜಾಗದಲ್ಲಿ ತಣ್ಣನೆಯ ಚಿಮ್ಮು ಬಂತೋ ಅದೇ ಸೋರಿಕೆ. ದಡದವರು ಬರೆದುಕೊಳ್ಳಲಿ. ಹತ್ತು ನಿಮಿಷದ ಈ ಕೆಲಸ ಮಾಡದೆ ಹೊಸ ಸೂಟಿಗೆ ದುಡ್ಡು ಹಾಕುವವರನ್ನು ಕಂಡರೆ ಬೇಜಾರಾಗುತ್ತದೆ.

ಹೊಲಿಗೆ ಮತ್ತು ಜಿಪ್

ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ರೈಲು ಹಳಿಯ ಹಾಗೆ ದಾರದ ಸಾಲು ಎರಡೂ ಕಡೆ ಕಂಡರೆ ಫ್ಲಾಟ್‌ಲಾಕ್. ಸೂಜಿ ರಬ್ಬರನ್ನು ಪೂರ್ತಿ ತೂರಿ ಹೋಗಿರುವುದರಿಂದ ಅದು ಸೋರಲೇಬೇಕು. 3 ಮಿ.ಮೀ. ಸೂಟಿಗೆ, ಬೆಚ್ಚನೆಯ ಸಮುದ್ರಕ್ಕೆ ಅದು ಸರಿ, 5 ಮಿ.ಮೀ. ಸೂಟಿನಲ್ಲಿ ಅದನ್ನು ಕಂಡರೆ ಕೊಳ್ಳಬೇಡಿ. ತಣ್ಣೀರಿಗೆ ಬೇಕಾದದ್ದು ಅಂಚಿಗೆ ಅಂಟು ಹಾಕಿ, ಸೂಜಿ ಅರ್ಧ ದಪ್ಪದಲ್ಲೇ ತಿರುಗಿ ಬರುವ ಬ್ಲೈಂಡ್ ಸ್ಟಿಚ್.

ಎಲ್ಲಿ ಬಿಟ್ಟಿದೆ ಎಂದು ತಿಳಿಯಲು ಸೂಟಿನ ಕಾಲಿನೊಳಗೆ ಸಪಾಟು ತಳದ ಡಬ್ಬಿ ತೂರಿಸಿ, ಹೊರಗಿನಿಂದ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಾಲಿನ ತುದಿ ಮುಚ್ಚಿದಂತೆ ಮಾಡಿ. ಮೊಣಕಾಲಿನವರೆಗೆ ನೀರು ತುಂಬಿ ತೂಗುಹಾಕಿ. ಹೊಲಿಗೆಯುದ್ದಕ್ಕೂ ಸಣ್ಣಗೆ ಬೆವರಿದಂತಾದರೆ ಸಹಜ. ಒಂದೇ ಜಾಗದಲ್ಲಿ ಹನಿ ಕೂಡಿ ಉರುಳಿದರೆ ಅಲ್ಲಿ ಚಾಕ್ ಗುರುತು ಹಾಕಿ.

ಅಂಟಿಸಲು ಕಪ್ಪು ನಿಯೋಪ್ರೀನ್ ಸಿಮೆಂಟ್. ಸಿಹಿನೀರಿನಲ್ಲಿ ತೊಳೆದು ಒಂದಿಡೀ ದಿನ ಒಣಗಿಸಿ. ಸೀಳಿನ ಎರಡೂ ಮುಖಕ್ಕೆ ತೆಳುವಾಗಿ ಬಳಿದು ಕೈಗೆ ಅಂಟದಂತಾಗುವವರೆಗೆ, ಹತ್ತು ನಿಮಿಷದಷ್ಟು, ಕಾಯಿರಿ. ಎರಡನೇ ಪದರ ಬಳಿದು ಮತ್ತೆ ಕಾದು, ಆಮೇಲೆ ಒಂದೇ ಸಲ ಜೋಡಿಸಿ ಒತ್ತಿ. 24 ಗಂಟೆ ಮುಟ್ಟಬೇಡಿ. ಮಳೆಗಾಲದ ಸಕಲೇಶಪುರದಲ್ಲಿ ಇದಕ್ಕೆ ಎರಡರಷ್ಟು ಸಮಯ ಕೊಡಿ. ಅವಸರಕ್ಕೆ ಫೆವಿಕ್ವಿಕ್ ಹಾಕಿದರೆ ಅದು ಗಾಜಿನ ಹಾಗೆ ಗಟ್ಟಿಯಾಗಿ, ಮಡಚಿದಾಗ ಪಕ್ಕದ ರಬ್ಬರನ್ನೇ ಕತ್ತರಿಸುತ್ತದೆ. ಗೊರೂರು ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ, ಹಳೆಯ ಬಲೆಗಳಿಂದ ಆಗುವ ಸೀಳುಗಳು ಸಾಮಾನ್ಯವಾಗಿ ಮೊಣಕಾಲಿನ ಕೆಳಗಿರುತ್ತವೆ, ಅವು ಹೀಗೆ ಸುಲಭವಾಗಿ ಕೂಡಿಕೊಳ್ಳುತ್ತವೆ.

ಬೆನ್ನಿನ ಜಿಪ್ ಸೋರಿದರೆ ಮೊದಲು ಒಳಗಿನ ಪಟ್ಟಿ ನೋಡಿ. ಅದು ಮಡಚಿಕೊಂಡಿದ್ದರೆ ಜಿಪ್ ಎಷ್ಟು ಒಳ್ಳೆಯದಿದ್ದರೂ ದಂಡ. ಬೂಟಿಯ ಮೇಲ್ತುದಿ ಸೂಟಿನ ಕಾಲಿನೊಳಗೆ, ಹುಡ್‌ನ ಕೆಳ ಅಂಚು ಕಾಲರಿನೊಳಗೆ.

ರಬ್ಬರ್ ಸತ್ತಿದೆಯೇ?

ನಿಯೋಪ್ರೀನ್‌ನ ಗುಳ್ಳೆಗಳು ಒತ್ತಡ ತಿಂದು ತಿಂದು ಒಡೆಯುತ್ತವೆ. ಹೊರಗಿನಿಂದ ಸೂಟು ಹೊಸದರಂತೆಯೇ ಕಾಣುತ್ತದೆ, ಮೇಲೆ 5 ಎಂದೇ ಬರೆದಿರುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಒತ್ತದೆ ಅಳೆಯಿರಿ: ಒಂದು ಸಲ ಸವೆಯದ ಜಾಗದಲ್ಲಿ, ಜಿಪ್ಪಿನ ಅಡಿಪಟ್ಟಿಯ ಪಕ್ಕ, ಒಂದು ಸಲ ಬೆನ್ನಿನಲ್ಲಿ, ಸಿಲಿಂಡರ್ ಒತ್ತುವ ಕಡೆ. ಎರಡಕ್ಕೂ ಒಂದು ಮಿ.ಮೀ. ವ್ಯತ್ಯಾಸ ಬಂದರೆ ಆಯಸ್ಸು ಮುಗಿಯುತ್ತ ಬಂದಿದೆ ಎಂದೇ ತಿಳಿಯಿರಿ.

ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ತೇಲುವಿಕೆಯದು. ಸೂಟನ್ನು ನೀರಿನಲ್ಲಿ ಹಿಂಡಿ ಗಾಳಿಯೆಲ್ಲ ಹೊರಡಿಸಿ, ಬಲೆಚೀಲಕ್ಕೆ ಹಾಕಿ ಡ್ರಮ್ಮಿನಲ್ಲಿ ಬಿಡಿ. ಅರ್ಧರ್ಧ ಕೆ.ಜಿ. ಸೀಸ ಸೇರಿಸುತ್ತ ಹೋಗಿ, ಯಾವ ತೂಕಕ್ಕೆ ಮುಳುಗಿತೋ ಅದನ್ನು ಸೂಟಿನ ಒಳಪಟ್ಟಿಯ ಮೇಲೆ ತಾರೀಖು ಸಮೇತ ಬರೆಯಿರಿ. ಹೊಸದು ತಂದ ದಿನವೇ ಮಾಡಿ. ಪ್ರತಿ ವರ್ಷ ಮತ್ತೊಮ್ಮೆ. ಮುಳುಗಿಸಲು ಬೇಕಾದ ಸೀಸ ಕಡಿಮೆಯಾದಷ್ಟೂ ಗುಳ್ಳೆ ಕಡಿಮೆಯಾಗಿದೆ. ಕಾಲು ಭಾಗ ಇಳಿದಿದ್ದರೆ ಸೂಟಿನ ಮೇಲಿನ ಅಂಕಿಗೆ ಅರ್ಥವಿಲ್ಲ. ಇಲ್ಲಿ ಹೊಸದು ಕೊಳ್ಳುವುದು ನ್ಯಾಯ, ದಪ್ಪ ಅದೇ ಇರಲಿ.

ಆಳಕ್ಕೆ ಹೋದಂತೆ ಸೂಟು ತೆಳ್ಳಗಾಗುತ್ತದೆ

ಸಮುದ್ರದಲ್ಲಿ 10 ಮೀಟರ್ ಆಳದಲ್ಲಿ ಗುಳ್ಳೆಯೊಳಗಿನ ಅನಿಲ ಅರ್ಧಕ್ಕೆ, 30 ಮೀಟರಿನಲ್ಲಿ ಕಾಲು ಭಾಗಕ್ಕೆ ಕುಗ್ಗುತ್ತದೆ. ರಬ್ಬರ್ ಕುಗ್ಗುವುದಿಲ್ಲವಾದ್ದರಿಂದ ಸೂಟು ಅಷ್ಟೇ ಪ್ರಮಾಣದಲ್ಲಿ ತೆಳ್ಳಗಾಗುವುದಿಲ್ಲ, ಆದರೆ ಬೆಚ್ಚಗಿಡುತ್ತಿದ್ದುದು ಅನಿಲವೇ ತಾನೇ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಅಷ್ಟು ಎತ್ತರದಲ್ಲಿ ವಾಯುಭಾರವೇ ಕಡಿಮೆ ಇರುವುದರಿಂದ ಅರ್ಧಕ್ಕೆ ಕುಗ್ಗಲು 9 ಮೀಟರ್ ಚಿಲ್ಲರೆ ಸಾಕು. (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಸಮುದ್ರಮಟ್ಟದ ಡೈವ್ ಟೇಬಲ್ಲುಗಳೂ ಅಲ್ಲಿ ಹಾಗೆಯೇ ನಡೆಯುವುದಿಲ್ಲ, 300 ಮೀಟರಿಗಿಂತ ಎತ್ತರದ ನೀರಿಗೆ ಬೇರೆ ಲೆಕ್ಕ. ನೇತ್ರಾಣಿಯಲ್ಲಿ ಡೈವ್ ಮುಗಿಸಿ ಅಂದೇ ಘಾಟಿ ಹತ್ತುವವರೂ ಇದನ್ನು ಗಮನದಲ್ಲಿಡಬೇಕು.)

ಹಾಗಾಗಿ 20 ಮೀಟರಿಗಿಂತ ಕೆಳಗೆ ಕೆಲಸವಿದ್ದರೆ ಮೇಲಿನ ಪಟ್ಟಿಯಲ್ಲಿ ತಳದ ಉಷ್ಣಾಂಶ ನೋಡಿ ಒಂದು ಮೆಟ್ಟಿಲು ದಪ್ಪ ಆರಿಸಿ. ದಪ್ಪವೇ ಉತ್ತರವಾಗುವ ಜಾಗಗಳಲ್ಲಿ ಇದೊಂದು.

ದಪ್ಪ ಹೆಚ್ಚಿಸುವುದೇ ಸರಿ ಎಂದಾದರೆ

ನೇರ 7 ಮಿ.ಮೀ.ಗೆ ಹಾರುವ ಮೊದಲು ಇರುವ ಸೂಟಿನೊಳಗೆ 3 ಮಿ.ಮೀ. ಹುಡ್ ಇರುವ ವೆಸ್ಟ್ ಹಾಕಿ ನೋಡಿ. ಮುಂಡಕ್ಕೆ ದಪ್ಪ ಸಿಗುತ್ತದೆ, ತೋಳು ಮೊದಲಿನಂತೆ ಆಡುತ್ತದೆ, ಕತ್ತಿನ ಸೋರಿಕೆ ಬಹುಪಾಲು ನಿಲ್ಲುತ್ತದೆ, ಬೆಲೆಯೂ ಹೊಸ ಸೂಟಿಗಿಂತ ಎಷ್ಟೋ ಕಡಿಮೆ. ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಉಳಿದ ಮೈಯೆಲ್ಲ ಮುಚ್ಚಿರುವಾಗ ಬರಿದಾಗಿರುವುದು ತಲೆಯೊಂದೇ, ನೆತ್ತಿಯ ರಕ್ತನಾಳಗಳು ಕೈಕಾಲಿನವುಗಳಂತೆ ಬಿಗಿದುಕೊಳ್ಳುವುದೂ ಇಲ್ಲ.

ದಪ್ಪ ಬದಲಾದ ದಿನ, ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕವನ್ನೂ ಹೊಸದಾಗಿ ನೋಡಬೇಕು. ಮನುಷ್ಯ, ಸಲಕರಣೆ ಸೇರಿ 100 ಕೆ.ಜಿ. ಇದ್ದರೆ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಸುಮಾರು 2.5 ಕೆ.ಜಿ. ಸೀಸ ಕಡಿಮೆ ಬೇಕು. ದಪ್ಪ ಸೂಟು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, ತೇಲಿಸುವ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟರೆ ನಿಧಾನ ಇಳಿಯಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಎರಡು ಕೆ.ಜಿ. ಸೇರಿಸಿಕೊಳ್ಳಿ, ಬಳಸಿ ಮುಗಿಸುವ ಗಾಳಿಯ ತೂಕ ಅಷ್ಟಿರುತ್ತದೆ. 7 ಮಿ.ಮೀ. ಸೂಟು ಆಳದಲ್ಲಿ ಕುಗ್ಗಿ ತೇಲುವಿಕೆ ಕಳೆದುಕೊಳ್ಳುವುದರಿಂದ ಹೆಚ್ಚುವರಿ ಸೀಸ ಅಲ್ಲಿ ಕಲ್ಲಿನಂತೆ ಎಳೆಯುತ್ತದೆ.

ಜಲಾಶಯಕ್ಕಾದರೆ ನೀರಾವರಿ ನಿಗಮದ ಅನುಮತಿ ಇಲ್ಲದೆ ಇಳಿಯುವಂತಿಲ್ಲ. ತೂಬು, ಗೇಟಿನ ಹತ್ತಿರ ನೀರಿನ ಸೆಳೆತಕ್ಕೆ ಸಿಕ್ಕರೆ ಯಾವ ಸೂಟೂ ಕಾಯುವುದಿಲ್ಲ.

ದಡಕ್ಕೆ ಬಂದ ಮೇಲೆ

ಬಟ್ಟೆಯ ಹೊರಮೈ ಇರುವ ಒದ್ದೆ ಸೂಟಿನಲ್ಲಿ ಗಾಳಿಗೆ ನಿಂತರೆ ಮಡಕೆ ನೀರು ತಣ್ಣಗಾಗುವ ಹಾಗೆ ಮೈ ತಣ್ಣಗಾಗುತ್ತದೆ. ಮೇಲೊಂದು ರೇನ್‌ಕೋಟ್ ಸಾಕು. ತಲೆಗೆ ಉಣ್ಣೆ ಟೋಪಿ. ಬಿಸಿ ಕಾಫಿ ಕುಡಿಯಿರಿ, ಕಾಫಿ ನಾಡಿನಲ್ಲಿ ಬೇಡವೆಂದರೂ ಯಾರು ಕೇಳುತ್ತಾರೆ. ಬ್ರಾಂಡಿ ಬೇಡ, ಅದು ಚರ್ಮಕ್ಕೆ ರಕ್ತ ತಂದು ಒಳಗಿನ ಶಾಖ ಹೊರಗೆ ಹಾಕುತ್ತದೆ. ಆಳದ ಡೈವ್ ಮುಗಿಸಿ ನೇರ ಬಚ್ಚಲಿಗೆ ಹೋಗಿ ಹಂಡೆಯ ಸುಡುನೀರು ಸುರಿದುಕೊಳ್ಳುವುದೂ ಬೇಡ. ಚರ್ಮದಲ್ಲಿ ಕರಗಿರುವ ನೈಟ್ರೋಜನ್ ಬಿಸಿಗೆ ಗುಳ್ಳೆಯಾಗಿ ಹೊರಬೀಳಬಹುದು. ಮಾತು ತೊದಲಿದರೆ, ಬಕಲ್ ಬಿಚ್ಚಲು ಬೆರಳು ತಡವರಿಸಿದರೆ, ನಡುಗುತ್ತಿದ್ದವರು ಇದ್ದಕ್ಕಿದ್ದಂತೆ ನಡುಕ ನಿಲ್ಲಿಸಿದರೆ ಅದು ಆಸ್ಪತ್ರೆಗೆ ಹೋಗುವ ಲಕ್ಷಣ, ಸೂಟಿನ ಚರ್ಚೆ ಆಮೇಲೆ.

ಇಡುವ ಬಗೆ

ಸೂಟು ಬೇಗ ಸಾಯುವುದು ನೀರಿನಲ್ಲಲ್ಲ, ಮನೆಯಲ್ಲಿ. ಕಾಫಿ ಒಣಗಿಸುವ ಕಣದ ಮೇಲೆ ಹರವಿದರೆ ಕಾದ ಸಿಮೆಂಟು ಕೆಳಗಿನಿಂದ, ಬಿಸಿಲು ಮೇಲಿನಿಂದ ರಬ್ಬರನ್ನು ಬೇಯಿಸುತ್ತವೆ. ನೆರಳಲ್ಲಿ ಒಳಮೈ ಹೊರಗೆ ಮಾಡಿ ಒಣಗಿಸಿ, ಆಮೇಲೆ ತಿರುಗಿಸಿ. ಒಲೆಯ ಅಟ್ಟ, ಜನರೇಟರ್ ಕೋಣೆ ಬೇಡ. ತಂತಿ ಹ್ಯಾಂಗರ್ ಭುಜದಲ್ಲಿ ಗೆರೆ ಕೊರೆಯುತ್ತದೆ. ಎರಡು ಇಂಚಿನ ಪಿ.ವಿ.ಸಿ. ಪೈಪಿನ ಮೇಲೆ ಸೊಂಟದಲ್ಲಿ ಮಡಚಿ ಹಾಕಿ, ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬೂಷ್ಟು ಹಿಡಿಯುವುದು ಖಚಿತ, ವಾರಕ್ಕೊಮ್ಮೆ ಫ್ಯಾನಿನ ಗಾಳಿ ತೋರಿಸಿ. ಲೋಹದ ಜಿಪ್ಪಿನ ಹಲ್ಲಿಗೆ ಮೇಣದ ಬತ್ತಿ ಉಜ್ಜಿ, ಅರ್ಧ ತೆರೆದಿಡಿ.